ಡಿಗ್ರಿ ಮುಗಿದ ಮೇಲೆ ಕಾಯುವ ಖರ್ಚು ಯಾರದು?

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಅಂಕಣದಲ್ಲಿ ನಿವೃತ್ತ ಅಧಿಕಾರಿಯೊಬ್ಬರ ಪತ್ರ ಬಂದಿತ್ತು. ನಮ್ಮ ಭಾಗದ ಹುಡುಗರು ಬಿ.ಎ., ಎಂ.ಎ. ಅಂತ ಡಿಗ್ರಿ ಪೇರಿಸಿಕೊಂಡು ಸರ್ಕಾರಿ ನೌಕರಿಗೇ ಜೋತುಬಿದ್ದಿದ್ದಾರೆ, ಒಂದು ಕೈಕಸಬು ಕಲಿತರೆ ಊಟಕ್ಕೆ ಕೊರತೆ ಇರುವುದಿಲ್ಲ ಎಂಬುದು ಅದರ ಸಾರ. ಅವರು ಬರೆದದ್ದು ಪೂರ್ತಿ ಸುಳ್ಳಲ್ಲ. ಆದರೆ ಅವರಿಗೆ ಕಾಣದ ಅರ್ಧ ಭಾಗ ನನ್ನ ಕೌಂಟರಿನ ಆಚೆ ದಿನಾ ಬೆಳಿಗ್ಗೆ ಒಂಬತ್ತೂವರೆಯಿಂದ ರಾತ್ರಿ ಒಂಬತ್ತರ ತನಕ ನಿಂತಿರುತ್ತದೆ.

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಓಣಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಡಿಟಿಪಿ, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ, ಹಾಲ್ ಟಿಕೆಟ್ ಪ್ರಿಂಟ್, ಎಲ್ಲಾ ಅಲ್ಲೇ. ಹದಿನೆಂಟು ವರ್ಷವಾಯಿತು. ಜಾತಿ ಪ್ರಮಾಣಪತ್ರದಿಂದ ಹಿಡಿದು ಕೊನೆಯ ಸೆಮಿಸ್ಟರಿನ ಅಂಕಪಟ್ಟಿಯವರೆಗೆ ಒಬ್ಬ ಹುಡುಗನ ಕಾಗದಗಳನ್ನು ಅವನ ತಂದೆಯೂ ನನ್ನಷ್ಟು ಸಲ ನೋಡಿರಲಿಕ್ಕಿಲ್ಲ. ಈ ಮೊದಲು ನಿಮ್ಮ ಪತ್ರಿಕೆಗೆ ಒಂದೇ ಸಲ ಬರೆದಿದ್ದೆ, ನಮ್ಮ ಓಣಿಯ ಗಟಾರದ ಬಗ್ಗೆ. ಅದನ್ನು ನಾಲ್ಕು ಸಾಲಿಗೆ ಇಳಿಸಿ ಹಾಕಿದ್ದಿರಿ. ಇದು ಉದ್ದವಾಗುತ್ತದೆ. ಕತ್ತರಿ ಹಾಕುವುದೇ ಆದರೆ ದಯವಿಟ್ಟು ಕೊನೆಯಿಂದ ಹಾಕಬೇಡಿ.

ಮಿರಗದ ಮಳೆ ಬಂದು ಬಿಡುವು ಕೊಟ್ಟ ಒಂದು ಮಧ್ಯಾಹ್ನ ಜೇವರ್ಗಿ ಕಡೆಯ ಒಬ್ಬ ಹುಡುಗ ಬಂದ. ಹುಡುಗ ಅನ್ನುತ್ತೇನೆ, ಇಪ್ಪತ್ತೊಂಬತ್ತರ ಹತ್ತಿರ ವಯಸ್ಸು. 2019ರಿಂದ ಅವನ ಅರ್ಜಿಗಳನ್ನೆಲ್ಲ ತುಂಬಿದವನು ನಾನೇ, ಹುಟ್ಟಿದ ದಿನಾಂಕ ಬಾಯಿಪಾಠ ಇದೆ. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಎಂ.ಎ. ಮಾಡಿದವ.

"ಅಣ್ಣಾ, ನಿಮ್ಮ ಕಂಪ್ಯೂಟರ್‌ದಾಗ ನನ್ನ ಬಯೋಡಾಟಾ ಅದಲ್ಲ, ಅದನ್ನ ಸ್ವಲ್ಪ ಸಣ್ಣದು ಮಾಡ್ರಿ" ಅಂದ.

ಎರಡು ಪುಟ ಇರುವುದನ್ನು ಒಂದು ಪುಟ ಮಾಡಬೇಕೇನೋ ಅಂದುಕೊಂಡು ಅಕ್ಷರದ ಅಳತೆ ಇಳಿಸತೊಡಗಿದೆ. ಅವನು ಕೌಂಟರ್ ಮೇಲಿಂದ ಬಾಗಿ ಪರದೆಯ ಮೇಲೆ ಬೆರಳಿಟ್ಟ. "ಇದು ತೆಗೀರಿ." ಎಂ.ಎ. ಸಾಲು. ತೆಗೆದೆ. "ಇದೂನು." ಬಿ.ಎ. ಸಾಲು. ಮುಖ ನೋಡಿದೆ.

"ಪಿಯುಸಿ ಇರಲೇನಪಾ?"

"ಅದು ಇರ್ಲಿ. ಪಿಯುಸಿ ಇದ್ರ ನಡೀತದ."

ಹೈದರಾಬಾದಿನ ಹೊರಗೆ ಒಂದು ಗೋದಾಮು. ಪಾರ್ಸಲ್‌ಗಳನ್ನು ಸ್ಕ್ಯಾನ್ ಮಾಡಿ ಬೇರೆ ಬೇರೆ ಚೀಲಕ್ಕೆ ಹಾಕುವ ಕೆಲಸ. ಆಳು ಸೇರಿಸುವ ಏಜೆಂಟ ಮೊದಲೇ ಹೇಳಿದ್ದನಂತೆ: ಹೆಚ್ಚು ಓದಿದವರು ನಿಲ್ಲೋದಿಲ್ಲ, ಪರೀಕ್ಷೆ ಅಂತ ರಜಾ ಕೇಳ್ತಾರೆ, ಪಿಎಫ್ ಎಲ್ಲಿ ಅಂತ ಕೇಳ್ತಾರೆ, ಅಂಥವರು ಬೇಡ. ಎರಡು ಸಾಲು ತೆಗೆದ ಮೇಲೆ ಹೊಸ ತೊಂದರೆ. 2014ಕ್ಕೆ ಪಿಯುಸಿ ಮುಗಿಸಿದವನು ಇಲ್ಲಿಯವರೆಗೆ ಏನು ಮಾಡುತ್ತಿದ್ದ? ಆ ಜಾಗ ಖಾಲಿ ಉಳಿಯಿತು.

"ನಡುವಿನ ವರ್ಷಕ್ಕ ಏನ್ ಬರೀಲಿ?"

ಸ್ವಲ್ಪ ಹೊತ್ತು ಯೋಚಿಸಿದ. "ಒಕ್ಕಲುತನ ಅಂತ ಬರೀರಿ."

ಬರೆದೆ. ಎರಡು ಪ್ರತಿ, ಹತ್ತು ರೂಪಾಯಿ. ಫೋನ್‌ಪೇ ಮಾಡಿ ಹೋದ.

ಪತ್ರ ಬರೆದ ಹಿರಿಯರಲ್ಲಿ ನನ್ನ ಮೊದಲ ಪ್ರಶ್ನೆ ಇದು. ಡಿಗ್ರಿ ಕೆಲಸಕ್ಕೆ ಬಾರದ್ದು ಅನ್ನುತ್ತೀರಿ. ಕೆಲಸಕ್ಕೆ ಬಾರದ್ದು ಒಂದು ಮೂಲೆಯಲ್ಲಿ ಸುಮ್ಮನೆ ಬಿದ್ದಿರಬೇಕಿತ್ತು. ಅದನ್ನು ಮುಚ್ಚಿಟ್ಟು ಕೆಲಸ ಕೇಳುವ ಪಾಳಿ ಯಾಕೆ ಬಂತು?

ನನಗೆ ತಿಳಿದಂತೆ ವಿಷಯ ಇಷ್ಟು. ನಮ್ಮ ಕಡೆ ಡಿಗ್ರಿಗೂ ನೌಕರಿಗೂ ನಡುವೆ ಐದಾರು ವರ್ಷದ ಬಯಲು ಇದೆ. ಕಾಲೇಜು ಎಲ್ಲರನ್ನೂ ತಂದು ಅದರ ಅಂಚಿಗೆ ಬಿಡುತ್ತದೆ. ಸಾಹುಕಾರನ ಮಗನಿಗೂ ಹಮಾಲನ ಮಗನಿಗೂ ಅಲ್ಲಿಯವರೆಗಿನ ದಾರಿ ಈಗ ಹೆಚ್ಚುಕಡಿಮೆ ಒಂದೇ. ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಹಾಸ್ಟೆಲ್, ಸ್ಕಾಲರ್‌ಶಿಪ್, ಬಸ್ ಪಾಸ್ ಎಲ್ಲ ಇವೆ. ಬಯಲು ದಾಟುವವರು ಮಾತ್ರ ಬುತ್ತಿ ಕಟ್ಟಿಕೊಂಡು ಬಂದವರು.

ಒಂದೇ ಕಾಲೇಜಿನಲ್ಲಿ, ಒಂದೇ ಬೆಂಚಿನಲ್ಲಿ ಕೂತು 2018ರಲ್ಲಿ ಬಿ.ಎಸ್ಸಿ. ಮುಗಿಸಿದ ಇಬ್ಬರು ನನ್ನ ಗಿರಾಕಿಗಳು. ಇಬ್ಬರೂ ಒಟ್ಟಿಗೇ ಬರುತ್ತಿದ್ದರು, ಒಂದೇ ಪೆನ್ನಿನಲ್ಲಿ ಸಹಿ ಮಾಡುತ್ತಿದ್ದರು. ಒಬ್ಬನ ತಂದೆ ಸರ್ಕಾರಿ ನೌಕರ, ಊರಲ್ಲಿ ಸ್ವಂತ ಮನೆ. ಅವನನ್ನು ಧಾರವಾಡದ ಸಪ್ತಾಪುರಕ್ಕೆ ಕಳಿಸಿದರು. ಕೋಚಿಂಗ್, ರೂಮು, ಮೆಸ್ಸು, ಓದಲು ರೀಡಿಂಗ್ ರೂಮಿನ ಸೀಟು. ತಿಂಗಳಿಗೆ ಹನ್ನೆರಡು ಸಾವಿರ ಹೋಗುತ್ತದೆ ಅಂತ ಅವರಪ್ಪ ಒಮ್ಮೆ ನನ್ನ ಅಂಗಡಿ ಮುಂದೆಯೇ ಗೊಣಗಿದ್ದರು. ಗೊಣಗಿದರೂ ಎರಡೂವರೆ ವರ್ಷ ಕಳಿಸಿದರು. ಮೂರು ಪರೀಕ್ಷೆ ಹೋದವು, ನಾಲ್ಕನೆಯದರಲ್ಲಿ ಪಾಸಾದ. ಈಗ ರಾಯಚೂರಿನಲ್ಲಿ ಎಫ್‌ಡಿಎ, ಅಂದರೆ ಪ್ರಥಮ ದರ್ಜೆ ಸಹಾಯಕ. ಒಳ್ಳೆಯ ಹುಡುಗ, ಮದುವೆ ಪತ್ರಿಕೆಯನ್ನೂ ನಮ್ಮಲ್ಲೇ ಡಿಸೈನ್ ಮಾಡಿಸಿದ.

ಇನ್ನೊಬ್ಬನಿಗೆ ಡಿಗ್ರಿಯಲ್ಲಿ ಅವನಿಗಿಂತ ಮೂವತ್ತೊಂದು ಅಂಕ ಹೆಚ್ಚು. ಇಬ್ಬರ ಅಂಕಪಟ್ಟಿಯೂ ನನ್ನ ಗಾಜಿನ ಮೇಲೆ ಮಲಗಿದ್ದವು, ಅದಕ್ಕೇ ಗೊತ್ತು. ಇವನು ಇಲ್ಲೇ ಉಳಿದು ಗ್ರಂಥಾಲಯದಲ್ಲಿ ಓದಿದ. ಎರಡನೇ ಪರೀಕ್ಷೆಯಲ್ಲಿ ಕಟ್‌ಆಫ್‌ಗೆ ಒಂದೂವರೆ ಅಂಕ ಕಡಿಮೆ ಬಿತ್ತು. ಒಂದೂವರೆ ಅಂಕ ಅಂದರೆ ಮುಂದಿನ ಸಲ ಆಗುತ್ತದೆ ಅಂತಲೇ ಅರ್ಥ. ಆದರೆ ಮುಂದಿನ ಸಲ ಬರುವ ಮೊದಲು 2022ರ ತೊಗರಿಗೆ ನೆಟೆ ರೋಗ ಬಂತು. ಆ ವರ್ಷ ನಮ್ಮ ಜಿಲ್ಲೆಯ ಹೊಲಗಳು ಹೇಗೆ ಒಣಗಿ ನಿಂತಿದ್ದವು ಅನ್ನುವುದು ನಿಮ್ಮ ಪತ್ರಿಕೆಯಲ್ಲೂ ಫೋಟೊ ಸಮೇತ ಬಂದಿತ್ತು. ಮನೆಯಿಂದ ಬರುತ್ತಿದ್ದ ಎರಡು ಸಾವಿರ ನಿಂತಿತು. ಈಗ ಟಂಟಂ ಆಟೊ ಓಡಿಸುತ್ತಾನೆ. ನನ್ನನ್ನು ಕಂಡರೆ ಹಾರ್ನ್ ಹೊಡೆಯುತ್ತಾನೆ, ಒಳಗೆ ಬರುವುದಿಲ್ಲ.

ಇವರಿಬ್ಬರಲ್ಲಿ ಯಾರಿಗೆ ಕೌಶಲ ಕಡಿಮೆ ಇತ್ತು?

ಕಾಯುವುದು ಬಿಟ್ಟಿ ಅಂತ ಅಧಿಕಾರದಲ್ಲಿದ್ದವರು ತಿಳಿದಂತಿದೆ. ನನ್ನ ಹತ್ತಿರ ಒಂದು ಉದ್ರಿ ಪುಸ್ತಕ ಇದೆ. ಅರ್ಜಿ ಶುಲ್ಕಕ್ಕೆ ದುಡ್ಡು ಸಾಲದವರದು ಅದರಲ್ಲಿ ಬರೆದುಕೊಳ್ಳುತ್ತೇನೆ. ಕೆಪಿಎಸ್‌ಸಿ ಅರ್ಜಿಗೆ ಸಾಮಾನ್ಯ ವರ್ಗದವರಿಗೆ ₹600, ಹಿಂದುಳಿದ ವರ್ಗದವರಿಗೆ ₹300. ಪರಿಶಿಷ್ಟರಿಗೆ, ಪ್ರವರ್ಗ-1ರವರಿಗೆ ಮಾಫಿ, ಅದು ಒಳ್ಳೆಯದಾಯಿತು. ಆದರೆ ಒಂದೇ ವರ್ಷದಲ್ಲಿ ಆರೇಳು ಕಡೆ ಅರ್ಜಿ ಹಾಕುವ ಹಿಂದುಳಿದ ವರ್ಗದ ಹುಡುಗನ ಲೆಕ್ಕ ಹಿಡಿಯಿರಿ. ಆಮೇಲೆ ಪರೀಕ್ಷೆಗೆ ಬೆಂಗಳೂರಿಗೋ ಹುಬ್ಬಳ್ಳಿಗೋ ಹೋಗಬೇಕು. ರಾತ್ರಿ ರೈಲಿನಲ್ಲಿ ಜನರಲ್ ಡಬ್ಬಿಯ ಬಾಗಿಲ ಹತ್ತಿರ ಕೂತು ಹೋಗಿ, ಸ್ಟೇಷನ್ನಿನಲ್ಲೇ ಮುಖ ತೊಳೆದು ಪರೀಕ್ಷೆ ಬರೆಯುತ್ತಾರೆ. ಪಕ್ಕದ ಬೆಂಚಿನವನು ಹಿಂದಿನ ದಿನವೇ ಬಂದು ಲಾಡ್ಜಿನಲ್ಲಿ ಮಲಗಿ ಎದ್ದವ.

ರೈಲ್ವೆಯವರು ಒಂದು ಒಳ್ಳೆಯ ಪದ್ಧತಿ ಇಟ್ಟಿದ್ದಾರೆ. ಅವರದು ₹500 ಶುಲ್ಕ. ಮೊದಲ ಹಂತದ ಪರೀಕ್ಷೆಗೆ ಹಾಜರಾದರೆ ₹400 ಖಾತೆಗೆ ವಾಪಸು. ಪರಿಶಿಷ್ಟರಿಗೆ, ಮಹಿಳೆಯರಿಗೆ ₹250 ಇದ್ದು, ಅದೂ ವಾಪಸಾಗುತ್ತದೆ. ಸುಮ್ಮನೆ ಅರ್ಜಿ ಹಾಕಿ ಬಾರದವರನ್ನು ತಡೆದಂತೆಯೂ ಆಯಿತು, ಬಂದವರಿಗೆ ದಂಡ ಬೀಳದಂತೆಯೂ ಆಯಿತು. ನಮ್ಮ ರಾಜ್ಯದವರು ಇದನ್ನು ಯಾಕೆ ನಕಲು ಮಾಡಬಾರದು? ನಕಲು ಅಂದಕೂಡಲೇ ನಮ್ಮೂರಿನವರಿಗೆ ಬೇರೆಯದೇ ನೆನಪಾಗುತ್ತದೆ. ಅದನ್ನೂ ಹೇಳಿಬಿಡುತ್ತೇನೆ.

2021ರ ಅಕ್ಟೋಬರ್ 3ರಂದು 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ಆಯಿತು. ಅಕ್ರಮದ ಎಳೆ ಸಿಕ್ಕಿದ್ದು ನಮ್ಮ ಕಲಬುರಗಿಯ ಪರೀಕ್ಷಾ ಕೇಂದ್ರದಲ್ಲೇ. ಮುಂದಿನ ಏಪ್ರಿಲ್‌ನಲ್ಲಿ ಪರೀಕ್ಷೆ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ಕ್ಕೆ. ನಡುವೆ ಎರಡು ವರ್ಷ ಮೂರು ತಿಂಗಳು. ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ನಸುಕಿನಲ್ಲೇ ಓಡಿ ಓಡಿ, ದೈಹಿಕ ಪರೀಕ್ಷೆ ಪಾಸಾಗಿ, ಬರೆದು ಬಂದಿದ್ದ ಒಬ್ಬ ಚಿತ್ತಾಪುರದ ಹುಡುಗ ನನ್ನಲ್ಲಿಗೆ ಬರುತ್ತಿದ್ದ. ಮರುಪರೀಕ್ಷೆಯ ಹಾಲ್ ಟಿಕೆಟ್ ಬಂದಾಗ ಅವನು ಪುಣೆಯಲ್ಲಿ ಒಂದು ಕಂಪನಿಯ ಸೆಕ್ಯುರಿಟಿ. ಮದುವೆಯಾಗಿತ್ತು, ಕೂಸು ಇತ್ತು. ಫೋನಿನಲ್ಲಿ "ರಜಾ ಕೊಡಂಗಿಲ್ಲ ಅಂತಾರಣ್ಣಾ, ಹೋದ್ರ ಕೆಲಸ ಹೋಗ್ತದ" ಅಂದ. ಹಾಲ್ ಟಿಕೆಟ್ ತೆಗೆದಿಟ್ಟೆ. ಬರಲಿಲ್ಲ. ಲಕ್ಷಗಟ್ಟಲೆ ಕೊಟ್ಟು ಓಎಂಆರ್ ಉತ್ತರಪತ್ರಿಕೆ ತಿದ್ದಿಸಲು ಹೋದವರು ಮಾಡಿದ್ದೇನು ಅಂದರೆ, ಕಾಯುವ ವರ್ಷಗಳನ್ನೇ ದುಡ್ಡಿಗೆ ಕೊಳ್ಳಲು ನೋಡಿದರು. ಸಿಕ್ಕಿಬಿದ್ದದ್ದು ಅವರು, ಎರಡು ವರ್ಷ ಕಳಕೊಂಡದ್ದು ಇವನು.

ಅಷ್ಟಾದರೂ ಬುದ್ಧಿ ಬರಲಿಲ್ಲ. 2023ರ ಅಕ್ಟೋಬರಿನಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸಿದ ನೇಮಕಾತಿ ಪರೀಕ್ಷೆಯಲ್ಲಿ ಕಲಬುರಗಿ, ಯಾದಗಿರಿ ಕಡೆಯೇ ಬ್ಲೂಟೂತ್ ಸಿಕ್ಕಿತು. ಅದರ ನಂತರ ತುಂಬುತೋಳಿನ ಅಂಗಿ ಬೇಡ ಅಂತ ನಿಯಮ ಮಾಡಿದರು. ಒಂದು ದಿನ ಬೆಳಿಗ್ಗೆ ಅಂಗಡಿ ತೆಗೆಯುವಾಗಲೇ ಒಬ್ಬ ಬಂದು, ನನ್ನ ಅರ್ಧತೋಳಿನ ಅಂಗಿ ಇಸಕೊಂಡು ಅಲ್ಲೇ ಝೆರಾಕ್ಸ್ ಮಷೀನಿನ ಹಿಂದೆ ಬದಲಿಸಿ ಓಡಿದ. ನಾನು ಅವನ ಅಂಗಿ ಹಾಕಿಕೊಂಡು ಸಂಜೆಯವರೆಗೆ ಕೂತೆ. ಬಿಗಿಯಾಗುತ್ತಿತ್ತು.

ಮಗಳು ಮೊನ್ನೆ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ 2023ರ ವರದಿಯ ಒಂದು ಅಂಕಿ ಫೋನಿನಲ್ಲಿ ತೋರಿಸಿದಳು. ದೇಶದಲ್ಲಿ 25 ವರ್ಷದೊಳಗಿನ ಪದವೀಧರರಲ್ಲಿ ಶೇ 42ರಷ್ಟು ಮಂದಿಗೆ ಕೆಲಸವಿಲ್ಲ. ಅದೇ ಪದವೀಧರರಿಗೆ 35 ದಾಟಿದ ಮೇಲೆ ನೋಡಿದರೆ ಶೇ 5ಕ್ಕಿಂತ ಕಡಿಮೆ. "ಅಂದ್ರ ಎಲ್ಲಾರ್ಗೂ ಕೊನೆಗೆ ಕೆಲಸ ಸಿಗ್ತದಲ್ಲಪ್ಪಾ" ಅಂದಳು. ಸಿಗುತ್ತದೆ ಹೌದು. ಟಂಟಂ ಸಿಕ್ಕಿತು, ಗೋದಾಮು ಸಿಕ್ಕಿತು, ಪುಣೆಯ ಗೇಟು ಸಿಕ್ಕಿತು. ಅವರೆಲ್ಲ ಆ ಶೇ 5ರ ಲೆಕ್ಕದಿಂದ ಹೊರಗೆ ಬಿದ್ದ ಉದ್ಯೋಗಸ್ಥರೇ. ಬಯಲು ದಾಟಿ ಹೋದವನೂ, ಕಾದು ಸಾಕಾಗಿ ಸಿಕ್ಕ ಗಾಡಿ ಹತ್ತಿದವನೂ ಆ ಪಟ್ಟಿಯಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

ಇನ್ನು ನಮ್ಮ 371 ಜೆ ಮಾತು, ಅಂದರೆ ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ ವಿಧಿ. ಅದನ್ನು ಹಗುರವಾಗಿ ಮಾತಾಡುವವರ ಮೇಲೆ ನನಗೆ ಸಿಟ್ಟಿದೆ. 2002ರ ನಂಜುಂಡಪ್ಪ ಸಮಿತಿ ವರದಿ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿ ಮಾಡಿತಲ್ಲ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ಕಲಬುರಗಿ ವಿಭಾಗದವು. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 52ನ್ನೂ ಮುಟ್ಟಿರಲಿಲ್ಲ, ರಾಜ್ಯದ್ದು ಶೇ 75 ದಾಟಿತ್ತು. ಅಂಥ ಕಡೆ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80, ಗ್ರೂಪ್ ಡಿಯಲ್ಲಿ ಶೇ 85 ಸ್ಥಳೀಯರಿಗೆ ಅಂತ 2013ರಲ್ಲಿ ನಿಯಮ ಆದ ಮೇಲೆ, ಮೆಡಿಕಲ್, ಎಂಜಿನಿಯರಿಂಗ್ ಸೀಟುಗಳಲ್ಲೂ ಪಾಲು ಸಿಕ್ಕ ಮೇಲೆ, ಎಷ್ಟು ಮನೆಗಳ ತಗಡು ಹೋಗಿ ಸ್ಲ್ಯಾಬ್ ಬಂತು ಅನ್ನುವುದನ್ನು ಕಣ್ಣಾರೆ ನೋಡಿದ್ದೇನೆ. ಸಹಾಯಕ ಆಯುಕ್ತರ ಕಚೇರಿಯಿಂದ ಬರುವ ಆ ಅರ್ಹತಾ ಪತ್ರವನ್ನು ನಾನು ಲ್ಯಾಮಿನೇಷನ್ ಮಾಡಿಕೊಡುವುದಿಲ್ಲ, ಎಷ್ಟು ಬೇಡಿಕೊಂಡರೂ. ಪರಿಶೀಲನೆಗೆ ಹೋದಾಗ ಮೂಲ ಪ್ರತಿ ಹಾಗೇ ಇರಬೇಕು. ಅದೊಂದು ಕಾಗದಕ್ಕೆ ಅಷ್ಟು ಬೆಲೆ ಇದೆ.

ಆದರೆ ನೇಮಕಾತಿಯೇ ನಡೆಯದಿದ್ದರೆ? ಸೊನ್ನೆಯಲ್ಲಿ ಎಂಬತ್ತು ಪರ್ಸೆಂಟ್ ತೆಗೆದರೂ ಸೊನ್ನೆ. 2024ರ ಅಕ್ಟೋಬರ್ ಕೊನೆಗೆ, ಪರಿಶಿಷ್ಟ ಜಾತಿಗಳೊಳಗೇ ಪಾಲು ಹಂಚುವ ಒಳಮೀಸಲಾತಿ ತೀರ್ಮಾನ ಆಗುವವರೆಗೆ ಹೊಸ ಅಧಿಸೂಚನೆ ಹೊರಡಿಸುವುದು ಬೇಡ ಅಂತ ಸಚಿವ ಸಂಪುಟ ನಿರ್ಧರಿಸಿತು. ಒಳಮೀಸಲಾತಿ ಆಗಲೇಬೇಕಾದದ್ದು, ಅದಕ್ಕೆ ಕಾದವರು ನನ್ನ ಗಿರಾಕಿಗಳಲ್ಲೂ ಇದ್ದಾರೆ, ಮೂವತ್ತು ವರ್ಷದಿಂದ ಅದಕ್ಕೇ ಹೋರಾಡಿದವರು. ಸುಪ್ರೀಂ ಕೋರ್ಟ್ ಅದೇ ಆಗಸ್ಟ್‌ನಲ್ಲಿ ದಾರಿ ತೆರೆದಾಗ ಅಂಗಡಿ ಮುಂದೆ ಪೇಢೆ ಹಂಚಿದರು, ನಾನೂ ತಿಂದೆ. ಆದರೆ ಸಮೀಕ್ಷೆ, ವರದಿ, ಸಭೆ ಅಂತ ತಿಂಗಳುಗಳು ಉರುಳಿದಾಗ ಯಾರ ಬುತ್ತಿ ಮೊದಲು ಖಾಲಿಯಾಯಿತು? ಆ ನ್ಯಾಯ ಯಾರಿಗಾಗಿ ಹೊರಟಿತ್ತೋ ಅವರದೇ. ಆ ದಿನಗಳಲ್ಲಿ ನನ್ನ ಗಲ್ಲಾ ಪೆಟ್ಟಿಗೆಯೂ ಬಡಕಲಾಗಿತ್ತು ಅನ್ನುವುದನ್ನು ಮುಚ್ಚಿಡುವುದಿಲ್ಲ. ಅರ್ಜಿ ಇಲ್ಲದಿದ್ದರೆ ನಮಗೆ ಮದುವೆ ಪತ್ರಿಕೆಯೇ ಗತಿ.

ಕಾದು ಕಾದು ಪರೀಕ್ಷೆಗೆ ಕೂತರೆ ಪ್ರಶ್ನೆಪತ್ರಿಕೆಯಲ್ಲಿ ಕನ್ನಡವೇ ಸರಿ ಇರುವುದಿಲ್ಲ. 384 ಕೆಎಎಸ್ ಹುದ್ದೆಗಳಿಗೆ 2024ರ ಆಗಸ್ಟ್ 27ಕ್ಕೆ ನಡೆದ ಪೂರ್ವಭಾವಿ ಪರೀಕ್ಷೆಯ ಅನುವಾದದ ಗೋಳು ನೆನಪಿದೆಯಲ್ಲ. ಮರುಪರೀಕ್ಷೆ ಮಾಡಿದರು, ಡಿಸೆಂಬರ್ 29ಕ್ಕೆ. ಅದರಲ್ಲೂ ತಪ್ಪುಗಳೆಂದು ಮತ್ತೆ ಗಲಾಟೆ. ಇಂಗ್ಲಿಷ್ ಓದಬಲ್ಲವನು ಪಕ್ಕದ ಇಂಗ್ಲಿಷ್ ಸಾಲು ನೋಡಿ ಉತ್ತರ ಬರೆದು ಬಂದ. ಸೇಡಂ ತಾಲ್ಲೂಕಿನ ಕನ್ನಡ ಶಾಲೆಯಲ್ಲಿ ಓದಿದವನು ಕನ್ನಡದ ಸಾಲನ್ನೇ ನಾಲ್ಕು ಸಲ ಓದಿ ಸಮಯ ಕಳಕೊಂಡ. ಕೀ ಆನ್ಸರ್‌ಗೆ ಆಕ್ಷೇಪಣೆ ಸಲ್ಲಿಸಲು ಅವನು ನನ್ನ ಅಂಗಡಿಗೆ ಬಂದಾಗ ಪ್ರಶ್ನೆಪತ್ರಿಕೆ ನಾನೂ ಓದಿದೆ. ನಾನು ಕನ್ನಡ ಮುಖ್ಯ ವಿಷಯವಾಗಿ ಬಿ.ಎ. ಮಾಡಿದವ. ಒಂದೆರಡು ಪ್ರಶ್ನೆಗಳು ನನಗೂ ಇಂಗ್ಲಿಷ್ ನೋಡಿಯೇ ಅರ್ಥವಾದವು.

ಕೈಕಸಬಿನ ಮಾತಿಗೆ ಬರುತ್ತೇನೆ, ಹಿರಿಯರು ಅದನ್ನೇ ಒತ್ತಿ ಹೇಳಿದ್ದಾರೆ. ನಮ್ಮೂರಿನಲ್ಲಿ ಒಳ್ಳೆಯ ಗೌಂಡಿಗೆ ದಿನಕ್ಕೆ ಒಂಬೈನೂರು ಇದೆ. ಬಿ.ಎಸ್ಸಿ., ಬಿ.ಇಡಿ. ಮಾಡಿ ಖಾಸಗಿ ಶಾಲೆಯಲ್ಲಿ ಗಣಿತ ಹೇಳುವ ಹೆಣ್ಣುಮಗಳೊಬ್ಬಳು ತಿಂಗಳಿಗೆ ಎಂಟು ಸಾವಿರ ತರುತ್ತಾಳೆ, ಅದೂ ಬೇಸಿಗೆ ರಜೆಯಲ್ಲಿ ಇಲ್ಲ. ಗೌಂಡಿಯ ಕೂಲಿ ಅವಳಿಗಿಂತ ಹೆಚ್ಚು ಅನ್ನುವುದು ನಿಜ. ಆದರೆ ಗೌಂಡಿ ತನ್ನ ಮಗನನ್ನು ಗೌಂಡಿ ಮಾಡುತ್ತಿಲ್ಲ, ನನ್ನ ಅಂಗಡಿಗೆ ಕಳಿಸಿ ಡಿಗ್ರಿ ಅರ್ಜಿ ತುಂಬಿಸುತ್ತಾನೆ. ನಲವತ್ತೈದಕ್ಕೆ ಸೊಂಟ ಹೋಗುತ್ತದೆ ಅನ್ನುವುದು ಅವನಿಗೆ ಗೊತ್ತು. ಕಸಬು ಕಲಿತವರ ಗತಿಯೂ ಕೇಳಿ. ನನ್ನ ಅಕ್ಕನ ಮಗ ಐಟಿಐ ಫಿಟ್ಟರ್. ಸುಣ್ಣಕಲ್ಲಿನ ಪುಣ್ಯದಿಂದ ನಮ್ಮ ಜಿಲ್ಲೆಯಲ್ಲಿ ಸಿಮೆಂಟ್ ಕಾರ್ಖಾನೆಗಳಿಗೆ ಬರವಿಲ್ಲ, ಅಂಥ ಒಂದು ಕಡೆ ಕೆಲಸ. ಏಳು ವರ್ಷವಾಯಿತು, ಆದರೆ ಕಾಗದದಲ್ಲಿ ಅವನ ಸರ್ವಿಸ್ ಎಂದೂ ಒಂದು ವರ್ಷ ದಾಟಿಲ್ಲ. ಗುತ್ತಿಗೆದಾರನ ಹೆಸರು ವರ್ಷವರ್ಷವೂ ಬದಲಾಗುತ್ತದೆ, ಮಷೀನು ಅದೇ, ಪಾನಾ ಅದೇ, ಇವನು ಅವನೇ. ಸರ್ಕಾರಿ ನೌಕರಿಗೇ ಯಾಕೆ ಜೋತುಬೀಳುತ್ತಾರೆ ಅಂದರೆ, ತಿಂಗಳ ಕೊನೆಗೆ ಸಂಬಳ ಬಂದೇ ಬರುತ್ತದೆ ಎನ್ನುವ ಕೆಲಸ ನಮ್ಮ ಕಡೆ ಅದೊಂದೇ ಉಳಿದಿದೆ. ಉಳಿದವರ ದಾರಿ ಸ್ಟೇಷನ್ನಿನ ಕಡೆ. ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್. ನಮ್ಮ ಅಜ್ಜಂದಿರು ಅದಕ್ಕೆ ಗುಳೆ ಅನ್ನುತ್ತಿದ್ದರು, ಈಗ ಬಯೋಡಾಟಾ ಹಿಡಿದು ಹೋಗುತ್ತಾರೆ.

ಹೆಣ್ಣುಮಕ್ಕಳ ಕಾಯುವಿಕೆ ಇನ್ನೂ ಇಕ್ಕಟ್ಟಿನದು. ಚಿಂಚೋಳಿ ಕಡೆಯ ಒಂದು ತಾಂಡಾದ ಹುಡುಗಿ, ಅಲ್ಲಿ ಡಿಗ್ರಿ ಮುಗಿಸಿದ ಮೊದಲ ಹೆಣ್ಣು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚು ತಪ್ಪಿತು, ಆಧಾರ್ ಕಾರ್ಡ್ ತೋರಿಸಿ ಬಂದು ಹೋಗುತ್ತಾಳೆ. ಬರುವಾಗ ತಾಯಿಯೂ ಜೊತೆಗೆ. ಗ್ರಾಮ ಆಡಳಿತಾಧಿಕಾರಿಯ 1,000 ಹುದ್ದೆಗಳಿಗೆ 2024ರಲ್ಲಿ ಅರ್ಜಿ ಕರೆದಾಗ ಬಂದಿದ್ದರು. ಅದಕ್ಕೆ ಪಿಯುಸಿ ಸಾಕು, ಆದರೂ ನಾನು ತುಂಬಿದ ಅರ್ಜಿಗಳಲ್ಲಿ ಬರೀ ಪಿಯುಸಿಯವರು ಬೆರಳೆಣಿಕೆಯಷ್ಟು. ಫೋಟೊ 50 ಕೆಬಿ ಒಳಗೆ ಇಳಿಸುತ್ತ ಕೂತಿದ್ದೆ. ತಾಯಿ ನೆಲದ ಮೇಲೆ ಕೂತವಳು ಕೇಳಿದಳು, "ಇನ್ನೆಷ್ಟು ಪರೀಕ್ಷಾ ಅವಪಾ ತಮ್ಮಾ?" ಹುಡುಗಿ ತಿರುಗಿ ನೋಡಲಿಲ್ಲ, ಓಟಿಪಿ ಬರುವುದನ್ನೇ ಕಾಯುತ್ತಿದ್ದಳು. ಇದು ಪ್ರಶ್ನೆಯಲ್ಲ, ಗಂಡಿನವರಿಗೆ ಏನು ಹೇಳಲಿ ಅನ್ನುವುದರ ಲೆಕ್ಕ ಅಂತ ನನಗೂ ಗೊತ್ತಿತ್ತು. "ಇದೊಂದು ಆಗ್ಲಿ ಅವ್ವಾ" ಅಂದೆ. ಸುಳ್ಳು ಹೇಳಿದೆ. ಅದೊಂದೇ ಅಲ್ಲ ಅಂತ ನನ್ನ ಉದ್ರಿ ಪುಸ್ತಕಕ್ಕೆ ಗೊತ್ತು.

ಸರ್ಕಾರ ಏನೂ ಮಾಡಿಲ್ಲ ಅನ್ನುವವನಲ್ಲ ನಾನು. ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ ₹3,000, ಡಿಪ್ಲೊಮಾದವರಿಗೆ ₹1,500 ಬರುತ್ತದೆ. ಕಾಯುವುದಕ್ಕೂ ಖರ್ಚಿದೆ ಅಂತ ಸರ್ಕಾರ ಅದರಲ್ಲಿ ಒಪ್ಪಿಕೊಂಡಂತಾಯಿತು. ಮೂರು ಸಾವಿರದಲ್ಲಿ ರೀಡಿಂಗ್ ರೂಮಿನ ಬಾಡಿಗೆ ಹೋಗಿ ಉಳಿದದ್ದರಲ್ಲಿ ಎರಡು ಹೊತ್ತಿನ ಊಟ ಹೇಗೋ ಆಗುತ್ತದೆ. ಆದರೆ ಅದು ಗರಿಷ್ಠ ಎರಡು ವರ್ಷ. ಒಂದು ಪಿಎಸ್‌ಐ ಪರೀಕ್ಷೆಯನ್ನು ಮತ್ತೊಮ್ಮೆ ನಡೆಸಲು ಇದೇ ಸರ್ಕಾರಿ ವ್ಯವಸ್ಥೆಗೆ ಅದಕ್ಕಿಂತ ಮೂರು ತಿಂಗಳು ಹೆಚ್ಚು ಬೇಕಾಯಿತು. ತಾವೇ ತಡ ಮಾಡಿದ ತಿಂಗಳುಗಳನ್ನಾದರೂ ಆ ಎರಡು ವರ್ಷದ ಲೆಕ್ಕದಿಂದ ಬಿಡಬೇಕು.

ಕೇಳುವುದು ದೊಡ್ಡದೇನಲ್ಲ. ಕಾರ್ಖಾನೆ ತನ್ನಿ, ಐಟಿ ಪಾರ್ಕ್ ತನ್ನಿ ಅಂತ ದೊಡ್ಡವರು ಕೇಳುತ್ತಲೇ ಇದ್ದಾರೆ, ಕೇಳಲಿ. ನನ್ನ ಅಂಗಡಿಯ ಮಟ್ಟದಲ್ಲಿ ಹೇಳುವುದಾದರೆ, ವರ್ಷದ ಮೊದಲೇ ಯಾವ ಪರೀಕ್ಷೆ ಯಾವ ತಿಂಗಳು ಅಂತ ಪಟ್ಟಿ ಬಿಟ್ಟು ಅದರಂತೆ ನಡೆಸಿದರೆ ಅರ್ಧ ಜನ ನಡುವಿನ ತಿಂಗಳುಗಳಲ್ಲಿ ದುಡಿದು ಬರುತ್ತಾರೆ. ಈಗ ಯಾವಾಗ ಕರೆಯುತ್ತಾರೋ ಅಂತ ಕೆಲಸಕ್ಕೂ ಹೋಗದೆ ಓದಲೂ ಆಗದೆ ಕೂರುತ್ತಾರೆ. ರೈಲ್ವೆಯವರಂತೆ ಶುಲ್ಕ ವಾಪಸು ಕೊಡಿ. ಪರೀಕ್ಷೆ ಎಷ್ಟೇ ಸಣ್ಣ ಹುದ್ದೆಯದಾಗಿರಲಿ, ಕಲಬುರಗಿಯಲ್ಲೊಂದು ಕೇಂದ್ರ ಇರಲಿ, ಕಾವಲು ಬೇಕಾದರೆ ದುಪ್ಪಟ್ಟು ಹಾಕಿ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಕ್ಕೆ ಅರಿವು ಕೇಂದ್ರ ಅಂತ ಬೋರ್ಡ್ ಬದಲಿಸಿದ್ದಾರಲ್ಲ, ಅವನ್ನು ರಾತ್ರಿ ಹತ್ತರ ತನಕ ತೆರೆದಿಡಿ, ಒಂದು ಇನ್ವರ್ಟರ್ ಕೊಡಿ. ಊರಲ್ಲೇ ಓದುವಂತಾದರೆ ಹೊಲದ ಕೆಲಸವೂ ಸಾಗುತ್ತದೆ, ರೂಮಿನ ಬಾಡಿಗೆಯೂ ಉಳಿಯುತ್ತದೆ.

ನನ್ನದನ್ನೂ ಹೇಳಬೇಕು, ಇಲ್ಲದಿದ್ದರೆ ಬೇರೆಯವರ ಕಥೆ ಹೇಳಿ ದೊಡ್ಡವನಾದಂತೆ ಆಗುತ್ತದೆ. 1999ರಲ್ಲಿ ಬಿ.ಎ. ಮುಗಿಸಿ ಆರು ವರ್ಷ ನಾನೂ ಅರ್ಜಿ ಹಾಕಿದೆ. ಆಗ ಅರ್ಜಿ ಕೈಯಲ್ಲಿ ಬರೆದು ರಿಜಿಸ್ಟರ್ ಪೋಸ್ಟ್ ಮಾಡಬೇಕಿತ್ತು. ತಂದೆ ಗಂಜ್‌ನ ದಾಲ್ ಮಿಲ್‌ನಲ್ಲಿ ಹಮಾಲ. ಅಣ್ಣ ಎಸ್ಸೆಸ್ಸೆಲ್ಸಿಗೆ ಬಿಟ್ಟು ಅದೇ ಮಿಲ್ಲಿಗೆ ಸೇರಿದ್ದ. ನಾನು ಕಾದ ಆರೂ ವರ್ಷ ಅವನ ಬೆನ್ನ ಮೇಲಿನ ಚೀಲಗಳು. ನೌಕರಿ ಸಿಗಲಿಲ್ಲ. ಮೊದಲ ಝೆರಾಕ್ಸ್ ಮಷೀನು ಸೆಕೆಂಡ್ ಹ್ಯಾಂಡ್ ತಗೊಂಡಾಗ ಮುಂಗಡದ ದುಡ್ಡೂ ಅವನದೇ. ಇವತ್ತು ನನ್ನದು ಸ್ವಂತ ಮನೆ, ಅವನದು ಇನ್ನೂ ಬಾಡಿಗೆಯದು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ನಮ್ಮಿಬ್ಬರ ನಡುವೆಯೇ ಹೀಗೆ.

ಮಗಳದು ಬಿ.ಕಾಂ. ಕೊನೆಯ ಸೆಮಿಸ್ಟರ್ ನಡೆದಿದೆ. ಬ್ಯಾಂಕ್ ಪರೀಕ್ಷೆ ಬರೆಯುತ್ತೇನೆ ಅನ್ನುತ್ತಾಳೆ. ಮೊನ್ನೆ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಉದ್ರಿ ಪುಸ್ತಕದ ಹಿಂದಿನ ಪುಟದಲ್ಲಿ ಲೆಕ್ಕ ಹಾಕಿದೆ. ಅಂಗಡಿ ಬಾಡಿಗೆ, ಟೋನರ್, ಕರೆಂಟ್, ಮನೆಖರ್ಚು, ಹೆಂಡತಿಯ ಶುಗರ್ ಗುಳಿಗೆ ಎಲ್ಲಾ ಕಳೆದು, ಅವಳನ್ನು ಮೂರು ವರ್ಷ ಕೂರಿಸಿ ಓದಿಸಬಲ್ಲೆ. ನಾಲ್ಕನೆಯ ವರ್ಷಕ್ಕೆ ಮಗನ ಎಂಜಿನಿಯರಿಂಗ್ ಫೀ ಶುರುವಾಗುತ್ತದೆ. ಈ ಲೆಕ್ಕ ಅವಳಿಗೆ ಇನ್ನೂ ಹೇಳಿಲ್ಲ. ಅವಳು ಪೇಪರ್ ಓದುವವಳು, ಆದ್ದರಿಂದ ನನ್ನ ಹೆಸರು ಹಾಕಬೇಡಿ.

ಇತಿ,
ಒಬ್ಬ ಝೆರಾಕ್ಸ್ ಅಂಗಡಿಯವ, ಕಲಬುರಗಿ